ಅವಳ ಸಾಕ್ಷಿಗೆ ನನ್ನ ಬಾಯಲ್ಲಿ ‘ಸ್ತೋತ್ರ’ ಬರಲಿಲ್ಲ

ಪ್ರಶ್ನೆ: ಅಯ್ಯನವರೇ, ನನಗೆ 39 ವರ್ಷ. ಹುಬ್ಬಳ್ಳಿಯ ಒಂದು ಅನುದಾನಿತ ಶಾಲೆಯಲ್ಲಿ ಟೀಚರ್. ಆದರೆ ನನ್ನದು ಮ್ಯಾನೇಜ್‌ಮೆಂಟ್ ಸಂಬಳ, ಪಕ್ಕದ ಕ್ಲಾಸಿನವರದು ಸರ್ಕಾರದ ಸಂಬಳ. ಯಜಮಾನರದು ಚಿಕ್ಕ ಪ್ರಿಂಟಿಂಗ್ ಪ್ರೆಸ್, ಅದರ ಮೇಲೆ ಸಾಲವಿದೆ. ನಾವಿರುವುದು ಬಾಡಿಗೆ ಮನೆಯಲ್ಲಿ. ನನ್ನ ಚಿಕ್ಕಪ್ಪನ ಮಗಳು ನನಗಿಂತ ಆರು ತಿಂಗಳು ಚಿಕ್ಕವಳು. ಒಂದೇ ಭಾನುವಾರ ಶಾಲೆಯಲ್ಲಿ ಕಲಿತೆವು, ಒಂದೇ ದಿನ ದೃಢೀಕರಣ (ಸಭೆಯ ಪೂರ್ಣ ಸದಸ್ಯತ್ವ) ಪಡೆದೆವು. ಅವಳೀಗ ಕೆನಡಾದಲ್ಲಿದ್ದಾಳೆ. ಬೇಸಿಗೆಯಲ್ಲಿ ಬಂದಾಗ ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳಿದಳು, ಅಂದರೆ ದೇವರು ತನಗೆ ಮಾಡಿದ ಒಳ್ಳೆಯದನ್ನು ಎಲ್ಲರ ಮುಂದೆ ಹೇಳಿದಳು. ಗಂಡನಿಗೆ ಬಡ್ತಿ, ಅಲ್ಲಿ ಸ್ವಂತ ಮನೆ, ಮಗಳಿಗೆ ಒಳ್ಳೆಯ ಕಾಲೇಜು. ಎಲ್ಲರೂ ‘ಸ್ತೋತ್ರ’ ಅಂದರು. ನನ್ನ ಬಾಯಿಂದ ಬರಲಿಲ್ಲ. ನಾನೂ ಪ್ರಾರ್ಥನೆ ಮಾಡುವವಳೇ, ದಶಮಾಂಶ (ದುಡಿಮೆಯ ಹತ್ತರಲ್ಲೊಂದು ಪಾಲು) ಕೊಡುವವಳೇ. ಅವಳಿಗೆ ಮಾತ್ರ ಯಾಕೆ ಅನ್ನಿಸಿತು. ಈಗ ರಾತ್ರಿ ಅವಳ ವಾಟ್ಸಾಪ್ ಸ್ಟೇಟಸ್ ನೋಡದೆ ಇರೋಕಾಗಲ್ಲ, ನೋಡಿದರೆ ನಿದ್ದೆ ಬರಲ್ಲ. ನನ್ನ ಮಗ ಪಿಯುಸಿಯಲ್ಲಿ ಸೆಕೆಂಡ್ ಕ್ಲಾಸ್. ‘ಅವಳ ಮಗಳನ್ನು ನೋಡಿ ಕಲಿ’ ಅಂತ ಅವನಿಗೂ ಹೇಳಿಬಿಟ್ಟಿದ್ದೇನೆ. ‘ನಮಗಿಂತ ಕೆಳಗಿರೋರನ್ನ ನೋಡು, ಸಮಾಧಾನ ಆಗುತ್ತೆ’ ಅಂತಾರೆ ಅಮ್ಮ. ಆಗುತ್ತಿಲ್ಲ. ನನ್ನ ವಿಶ್ವಾಸದಲ್ಲೇ ದೋಷವಿದೆಯಾ? ಡಿಸೆಂಬರ್‌ನಲ್ಲಿ ಅವಳು ಇಲ್ಲಿ ಕಟ್ಟಿಸಿದ ಮನೆಯ ಕೃತಜ್ಞತಾ ಪ್ರಾರ್ಥನೆ ಇದೆ. ನಾನು ಹಾಡಬೇಕಂತೆ. ಹೋಗಲಾ, ಬೇಡವಾ?

ಉತ್ತರ: ಪ್ರಿಯ ಸಹೋದರಿ, ಕರ್ತನ ನಾಮದಲ್ಲಿ ವಂದನೆಗಳು. ಡಿಸೆಂಬರ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ವಿಶ್ವಾಸದ ಮಾತು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ನಿಮ್ಮ ಪತ್ರದಂಥದ್ದೇ ಒಂದು ಹಾಡಿದೆ, 73ನೆಯ ಕೀರ್ತನೆ. ಬರೆದವನು ಆಸಾಫ. ದಾವೀದ ನೇಮಿಸಿದ ಗಾಯಕರಲ್ಲಿ ಮುಖ್ಯಸ್ಥ, ದೇವರ ಮಂಜೂಷದ (ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯ) ಮುಂದೆ ತಾಳ ಬಾರಿಸುತ್ತಿದ್ದವನು. ಅಂದರೆ ಇವತ್ತಿನ ಲೆಕ್ಕದಲ್ಲಿ ಕ್ವಾಯರ್ ಮಾಸ್ಟರ್. ಅವನೇ ಒಪ್ಪಿಕೊಳ್ಳುತ್ತಾನೆ: ಬೇರೆಯವರ ಏಳಿಗೆ ನೋಡಿ ಹೊಟ್ಟೆಕಿಚ್ಚು ಪಟ್ಟೆ, ನನ್ನ ಕಾಲು ಜಾರುವುದರಲ್ಲಿತ್ತು, ನಾನು ಮನಸ್ಸನ್ನು ಶುದ್ಧವಾಗಿ ಇಟ್ಟುಕೊಂಡದ್ದು ದಂಡವಾಯಿತು ಅಂತ. ಇದನ್ನು ಅವನು ಡೈರಿಯಲ್ಲಿ ಬರೆದು ಮುಚ್ಚಿಡಲಿಲ್ಲ. ಸಭೆ ಹಾಡಲಿ ಎಂದು ಕೊಟ್ಟ. ನಮ್ಮ ಹಿರಿಯರೂ ಅದನ್ನು ಕಿತ್ತುಹಾಕದೆ ಉಳಿಸಿಕೊಂಡರು. ದೇವರ ಮುಂದೆ ಈ ಮಾತನ್ನು ಎತ್ತಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಅಪ್ಪಣೆ ಬೇಕಿಲ್ಲ.

ಎರಡು ವಿಷಯಗಳನ್ನು ಬೇರೆ ಮಾಡಿ ನೋಡಿ. ‘ನನಗೂ ಇದ್ದಿದ್ದರೆ’ ಅನ್ನುವುದು ನೋವು. ‘ಅವಳಿಗೆ ಇಲ್ಲದಿದ್ದರೆ’ ಅನ್ನುವುದು ಅಸೂಯೆ. ಇನ್ನೊಬ್ಬರ ಒಳ್ಳೆಯದನ್ನು ಕಂಡು ದುಃಖಪಡುವುದೇ ಅಸೂಯೆ ಎಂದು 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ವಿವರಿಸಿದ್ದ. ಮೊದಲನೆಯದು ಬಂದೇ ಬರುತ್ತದೆ. ನೀವೂ ನಾನೂ ಮನುಷ್ಯರು. ಎರಡನೆಯದು ಬಾಗಿಲಲ್ಲಿ ಹೊಂಚುಹಾಕುತ್ತದೆ. ಆದಾಮನ ಹಿರಿಯ ಮಗ ಕಾಯಿನನಿಗೆ ದೇವರು ಹೇಳಿದ ಮಾತು ಇದೇ ತಾನೇ? ತಮ್ಮನ ಕಾಣಿಕೆ ಒಪ್ಪಿಗೆಯಾಯಿತು, ತನ್ನದು ಆಗಲಿಲ್ಲ ಅಂತ ಅವನ ಮುಖ ಬಾಡಿತ್ತು. ಆಗ ದೇವರು ಅವನನ್ನು ಶಪಿಸಲಿಲ್ಲ, ಕೂರಿಸಿ ಮಾತಾಡಿಸಿದ. ಯಾಕೆ ಸಿಟ್ಟು, ಯಾಕೆ ಮುಖ ಬಾಡಿದೆ ಅಂತ ಕೇಳಿದ. ಶಾಪ ಬಂದದ್ದು ಅವನು ತಮ್ಮನನ್ನು ಕೊಂದ ಮೇಲೆ. ಸಾಕ್ಷಿಯ ದಿನ ನಿಮ್ಮ ಬಾಯಿ ಕಟ್ಟಿದ್ದು ಮುಖ ಬಾಡಿದ ಹಂತ. ದೇವರು ಮಾತಾಡಿಸುವ ಹಂತ ಅದು, ಓಡಿಸುವ ಹಂತ ಅಲ್ಲ.

ಆದರೆ ಆಸಾಫನ ಕೀರ್ತನೆಯನ್ನು ಪೂರ್ತಿ ನಿಮಗೆ ಹಚ್ಚಲು ಆಗದು. ಅವನ ಹೊಟ್ಟೆಕಿಚ್ಚು ಕೆಟ್ಟವರ ಮೇಲೆ. ಅವರ ಅಂತ್ಯ ಏನೆಂದು ದೇವಾಲಯಕ್ಕೆ ಹೋದಾಗ ಅವನಿಗೆ ಹೊಳೆಯಿತು, ಸಮಾಧಾನವಾಯಿತು. ನಿಮ್ಮ ತಂಗಿ ಕೆಟ್ಟವಳಲ್ಲ. ನೀವೇ ಬರೆದ ಹಾಗೆ ಆಕೆ ಪ್ರಾರ್ಥಿಸುವವಳು, ನಿಮ್ಮನ್ನು ಹಾಡಲು ಕರೆದವಳು. ‘ಒಂದು ದಿನ ಅವಳಿಗೂ ಗೊತ್ತಾಗುತ್ತೆ’ ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ನಿಮಗೆ ಉಪಯೋಗಕ್ಕೆ ಬರುವುದು ಆ ಕೀರ್ತನೆಯ ಕೊನೆ. ದೇವರ ಹತ್ತಿರ ಇರುವುದೇ ನನ್ನ ಭಾಗ್ಯ ಎನ್ನುವಲ್ಲಿಗೆ ಅವನು ಬಂದು ನಿಲ್ಲುತ್ತಾನೆ. ಅಲ್ಲಿಗೆ ನೀವು ಬೇರೆ ದಾರಿಯಿಂದ ಹೋಗಬೇಕಾಗುತ್ತದೆ.

ಇದೆಲ್ಲ ನಿಮ್ಮ ತಂಗಿಯ ಮೇಲೇ ಯಾಕೆ? ಹುಬ್ಬಳ್ಳಿಯಲ್ಲಿ ಕೋಟ್ಯಧಿಪತಿಗಳು ಬೇಕಾದಷ್ಟಿದ್ದಾರೆ. ಅವರನ್ನು ನೋಡಿ ನೀವು ನಿದ್ದೆ ಕೆಡಿಸಿಕೊಂಡಿಲ್ಲ. 1954ರಲ್ಲಿ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದ. ನಾವು ಎಷ್ಟರವರು ಎಂದು ಅಳೆಯಲು ಬೇರೆ ಅಳತೆ ಇಲ್ಲದಾಗ ಮನುಷ್ಯ ತನ್ನಂಥವರನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ ಎಂದ. ಅದಕ್ಕೆ 1,500 ವರ್ಷಕ್ಕೂ ಹಿಂದೆ, ಇಂದಿನ ಟರ್ಕಿಯಲ್ಲಿದ್ದ ಕೈಸರೈಯದ ಬಿಷಪ್ ಬೆಸಿಲ್ ತನ್ನ ಪ್ರಸಂಗದಲ್ಲಿ ಅದೇ ಮಾತು ಹೇಳಿದ್ದ. ದೂರದೇಶದವನ ಮೇಲೆ ಯಾರಿಗೂ ಅಸೂಯೆ ಹುಟ್ಟುವುದಿಲ್ಲ, ಅದು ಹುಟ್ಟುವುದು ನೆರೆಯವರ ಮೇಲೆ, ಅದೇ ಕಸುಬಿನವರ ಮೇಲೆ, ನೆಂಟರ ಮೇಲೆ ಎಂದು. ಒಂದೇ ಬೆಂಚು, ಒಂದೇ ದಿನದ ದೃಢೀಕರಣ, ಆರು ತಿಂಗಳ ಅಂತರ. ಇದಕ್ಕಿಂತ ಹತ್ತಿರದ ಅಳತೆಗೋಲು ನಿಮಗೆ ಎಲ್ಲಿ ಸಿಗಬೇಕು? ಆಕೆಯ ಮೇಲೆ ಪ್ರೀತಿ ಇಲ್ಲದ್ದಕ್ಕೆ ಹೀಗಾಯಿತು ಎಂದುಕೊಳ್ಳಬೇಡಿ. ಹತ್ತಿರ ಇದ್ದದ್ದಕ್ಕೇ ಆದದ್ದು.

ಈಗ ನಿಮ್ಮ ಅಮ್ಮನ ಸಲಹೆ. ದೊಡ್ಡವರ ಮಾತು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ನಮ್ಮ ಪ್ರಸಂಗಪೀಠಗಳಿಂದಲೂ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಆದರೂ ನಾನು ಒಪ್ಪುವುದಿಲ್ಲ. ಲೂಕನ ಸುವಾರ್ತೆಯ 18ನೆಯ ಅಧ್ಯಾಯ ತೆಗೆಯಿರಿ. ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ, ಒಬ್ಬ ಧರ್ಮನಿಷ್ಠನೆನಿಸಿಕೊಂಡ ಫರಿಸಾಯ, ಇನ್ನೊಬ್ಬ ಜನ ಪಾಪಿ ಎನ್ನುತ್ತಿದ್ದ ಸುಂಕ ವಸೂಲಿಗಾರ. ಫರಿಸಾಯನ ಪ್ರಾರ್ಥನೆ ಶುರುವಾಗುವುದೇ ಸ್ತೋತ್ರದಿಂದ. ದೇವರೇ, ನಾನು ಉಳಿದವರ ಹಾಗಲ್ಲ, ಈ ಸುಂಕದವನ ಹಾಗೂ ಅಲ್ಲ, ನಿನಗೆ ಸ್ತೋತ್ರ. ವಾರಕ್ಕೆ ಎರಡು ಉಪವಾಸ, ದಶಮಾಂಶ, ಎಲ್ಲ ಸರಿಯಾಗಿಯೇ ಇದೆ. ಕೆಳಗಿರುವವನನ್ನು ನೋಡಿದ, ಸಮಾಧಾನವೂ ಆಯಿತು! ನೀತಿವಂತನೆಂಬ ತೀರ್ಪು ಪಡೆದು ಮನೆಗೆ ಹೋದವನು ಮಾತ್ರ ಸುಂಕದವನು.

ಕೆಳಗೆ ನೋಡುವುದು ಅದೇ ಅಳತೆಗೋಲನ್ನು ತಿರುಗಿಸಿ ಹಿಡಿಯುವುದು. ಮನೆಗೆಲಸಕ್ಕೆ ಬರುವ ಅಕ್ಕನನ್ನು ನೋಡಿ ‘ಸದ್ಯ, ನನಗೆ ಆ ಕಷ್ಟ ಇಲ್ಲ’ ಎಂದು ನೀವು ಹಗುರಾದರೆ, ಆಕೆಯ ಕಷ್ಟ ನಿಮಗೆ ಮಾತ್ರೆಯಾಯಿತು ಅಷ್ಟೇ. ಆಕೆಗೆ ಅದರಿಂದ ಏನೂ ಸಿಗಲಿಲ್ಲ. ನಿಮಗೂ ಆ ಮಾತ್ರೆ ಸಂಜೆ ಸ್ಟೇಟಸ್ ನೋಡುವವರೆಗೆ ಮಾತ್ರ. ಮೇಲೆ ನೋಡಿದರೆ ಕುಗ್ಗು, ಕೆಳಗೆ ನೋಡಿದರೆ ಹಿಗ್ಗು, ಎರಡರಲ್ಲೂ ಕಣ್ಣು ಪಕ್ಕದವರ ಮೇಲೇ.

ಹಾಗಾದರೆ ಕ್ರಿಸ್ತನು ಏನು ಹೇಳುತ್ತಾನೆ? ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ನೇರ ಅನ್ನಿಸುವುದು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ. ಪುನರುತ್ಥಾನವಾದ ಮೇಲೆ ತಿಬೇರಿಯ ಸಮುದ್ರದ ದಡ. ಬೆಳಿಗ್ಗೆ ಕೆಂಡದ ಮೇಲೆ ಮೀನು, ರೊಟ್ಟಿ. ಊಟವಾದ ಮೇಲೆ ಯೇಸು ತನ್ನ ಶಿಷ್ಯ ಪೇತ್ರನನ್ನು ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳುತ್ತಾನೆ, ತನ್ನ ಜನರೆಂಬ ಕುರಿಗಳನ್ನು ಅವನ ಕೈಗೆ ಒಪ್ಪಿಸುತ್ತಾನೆ. ಜೊತೆಗೇ, ನಿನ್ನ ಮುಪ್ಪಿನಲ್ಲಿ ಬೇರೆಯವರು ನಿನ್ನನ್ನು ಕಟ್ಟಿ ನಿನಗಿಷ್ಟವಿಲ್ಲದ ಕಡೆಗೆ ಒಯ್ಯುತ್ತಾರೆ ಎಂದೂ ಹೇಳುತ್ತಾನೆ. ಅವನ ಸಾವಿನ ಮಾತು ಅದು.

ಅಂಥ ಮಾತು ಕೇಳಿದವನು ಏನು ಮಾಡಬೇಕು? ಅಳಬಹುದು, ಮಂಡಿಯೂರಬಹುದು. ಪೇತ್ರ ಹಿಂದಕ್ಕೆ ತಿರುಗಿ ನೋಡಿದ. ಇನ್ನೊಬ್ಬ ಶಿಷ್ಯ ಯೋಹಾನ ಬರುತ್ತಿದ್ದ. ‘ಕರ್ತನೇ, ಇವನ ವಿಷಯ ಏನು?’ ಎಂದು ಕೇಳಿದ.

ಇದನ್ನು ಓದಿದಾಗಲೆಲ್ಲ ನನಗೆ ಪೇತ್ರನ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ. ಕರ್ತನನ್ನು ಮೂರು ಸಲ ಅಲ್ಲಗಳೆದವನಿಗೆ ಈಗಷ್ಟೇ ಕ್ಷಮೆ ಸಿಕ್ಕಿದೆ. ಸಭೆಯ ಜವಾಬ್ದಾರಿ ಸಿಕ್ಕಿದೆ. ಅದರ ಹಿಂದೆಯೇ ಕಣ್ಣು ಪಕ್ಕದವನ ಮೇಲೆ. ಯೋಹಾನ ಬೇರೆ ಯಾರೋ ಅಲ್ಲ. ಇಬ್ಬರೂ ಗಲಿಲಾಯದ ಬೆಸ್ತರು, ಒಂದೇ ಕೆರೆಯಲ್ಲಿ ಮೀನು ಹಿಡಿದವರು, ಮೀನುಗಾರಿಕೆಯಲ್ಲಿ ಪಾಲುಗಾರರು. ನೀವೂ ನಿಮ್ಮ ತಂಗಿಯೂ ಒಂದೇ ಬೆಂಚಿನಲ್ಲಿ ಕೂತ ಹಾಗೆ.

ಯೇಸುವಿನ ಉತ್ತರ: ನಾನು ಬರುವ ತನಕ ಅವನು ಉಳಿಯಬೇಕೆಂದು ನನ್ನ ಮನಸ್ಸಾದರೆ ಅದು ನಿನಗೇನು? ನೀನು ನನ್ನನ್ನು ಹಿಂಬಾಲಿಸು.

ಇದು ಒರಟು ಮಾತಿನ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಅವನು ಏನನ್ನು ಹೇಳಲಿಲ್ಲ ನೋಡಿ. ‘ಯೋಹಾನನಿಗೂ ಕಷ್ಟ ಬರುತ್ತೆ, ಬೇಜಾರು ಮಾಡ್ಕೋಬೇಡ’ ಎನ್ನಲಿಲ್ಲ. ‘ನೀನೇ ಅವನಿಗಿಂತ ಮುಖ್ಯ’ ಎಂದೂ ಹೇಳಲಿಲ್ಲ. ‘ಇಬ್ಬರಿಗೂ ಲೆಕ್ಕ ಸರಿಹೋಗುತ್ತೆ’ ಎಂಬ ಮಾತೂ ಇಲ್ಲ. ನಾವು ಒಬ್ಬರಿಗೊಬ್ಬರು ಕೊಡುವ ಈ ಮೂರು ಸಮಾಧಾನಗಳಲ್ಲಿ ಒಂದನ್ನೂ ಕರ್ತನು ಕೊಡಲಿಲ್ಲ. ಯಾಕೆಂದರೆ ಮೂರೂ ಪೇತ್ರನನ್ನು ಯೋಹಾನನ ಪಕ್ಕದಲ್ಲೇ ನಿಲ್ಲಿಸಿ ಅಳೆಯುತ್ತವೆ. ಯೇಸು ಅವನನ್ನು ಆ ಜಾಗದಿಂದಲೇ ಎಬ್ಬಿಸಿ ತನ್ನ ಕಡೆ ತಿರುಗಿಸಿದ. ಯೋಹಾನನಿಗೂ ನನಗೂ ಒಂದು ಮಾತಿದೆ, ನಿನಗೂ ನನಗೂ ಒಂದು ಮಾತಿದೆ, ಎರಡನ್ನೂ ಬೆರೆಸಬೇಡ ಎಂದ ಹಾಗೆ.

ಮುಂದಿನ ವಚನ ಇನ್ನೂ ಮಜವಾಗಿದೆ. ಈ ಮಾತೇ ಸಹೋದರರಲ್ಲಿ ಗಾಳಿಸುದ್ದಿಯಾಗಿ ಹರಡಿತಂತೆ, ಯೋಹಾನ ಸಾಯುವುದೇ ಇಲ್ಲವಂತೆ ಎಂದು! ‘ಅದು ನಿನಗೇನು’ ಎಂದು ಕರ್ತನು ಬಾಯಿ ಮುಚ್ಚಿಸಿದ ಮಾತನ್ನೇ ಎತ್ತಿಕೊಂಡು ‘ಅವನಿಗೆ ಏನೋ ವಿಶೇಷ ಸಿಕ್ಕಿದೆಯಂತೆ’ ಎಂದು ಊರೆಲ್ಲ ಮಾತಾಡಿಕೊಂಡಿತು ಸಭೆ. ಆಗಲೂ ಹಾಗೇ ಇದ್ದೆವು.

ಸಭೆಯ ಮಾತು ಬಂತು, ಹಾಗಾಗಿ ನಮ್ಮನ್ನೂ ಸ್ವಲ್ಪ ಬೈದುಕೊಳ್ಳುತ್ತೇನೆ. ನಿಮಗೆ ಈ ಗಾಯವಾದದ್ದು ಬಜಾರಿನಲ್ಲಿ ಅಲ್ಲ, ಆರಾಧನೆಯಲ್ಲಿ. ಅದು ಆಕಸ್ಮಿಕ ಅಲ್ಲ. ನಮ್ಮ ಸಾಕ್ಷಿಗಳು ಯಾವ ಥರದವು ನೋಡಿ. ವೀಸಾ ಸಿಕ್ಕಿತು, ಸ್ತೋತ್ರ. ಸೈಟು ಸಿಕ್ಕಿತು, ಸ್ತೋತ್ರ. ಆಪರೇಷನ್ ಸರಿಹೋಯಿತು, ಸ್ತೋತ್ರ. ಇವೆಲ್ಲಕ್ಕೂ ಕೃತಜ್ಞತೆ ಬೇಕೇ ಬೇಕು. ಆದರೆ ಹದಿನೈದು ವರ್ಷ ಮಕ್ಕಳಿಗಾಗಿ ಕಾದು, ಇನ್ನೂ ಪ್ರತಿ ಭಾನುವಾರ ಅದೇ ಸಾಲಿನಲ್ಲಿ ಬಂದು ಕೂರುವ ದಂಪತಿಗೆ ನಾವು ಮೈಕ್ ಕೊಟ್ಟಿದ್ದೇವಾ? ಸುಗ್ಗಿ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿ ಹಿಡಿದು ಯಾರು ಜಾಸ್ತಿ ಕೂಗುತ್ತಾರೆ ಎಂದು ನಗುನಗುತ್ತಾ ಕಾಯುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೂಗಲು ಜೇಬಿಲ್ಲದವನು ಹಿಂದಿನ ಸಾಲಿನಲ್ಲಿ ಏನು ಮಾಡುತ್ತಿರುತ್ತಾನೆ ಎಂದು ಯಾರೂ ತಿರುಗಿ ನೋಡುವುದಿಲ್ಲ. ‘ಆಶೀರ್ವಾದ’ ಅಂದರೆ ಮನೆ, ಕಾರು, ಫಾರಿನ್ ಎಂದು ಮಕ್ಕಳ ತಲೆಯಲ್ಲಿ ಕೂತಿದ್ದರೆ ಅದನ್ನು ಟಿವಿ ಒಂದೇ ಕೂರಿಸಿಲ್ಲ.

ಮೊದಲ ಸಭೆಗಳನ್ನು ಕಟ್ಟಿ ಅವುಗಳಿಗೆ ಪತ್ರ ಬರೆದ ಪೌಲನಿಗೂ ಈ ಕಾಟ ಇತ್ತು. ಕೊರಿಂಥದ ಸಭೆಗೆ ಬೇರೆ ಬೋಧಕರು ಬಂದರು. ಮಾತಿನಲ್ಲಿ ಗಟ್ಟಿಗರು, ಶಿಫಾರಸು ಪತ್ರ ಇಟ್ಟುಕೊಂಡವರು. ಪೌಲನ ಪತ್ರ ಜೋರು, ಎದುರಿಗೆ ಬಂದರೆ ಆಳು ಸಪ್ಪೆ ಎಂದು ಸಭೆಯವರು ಆಡಿಕೊಂಡರು. ತಮ್ಮನ್ನು ತಮ್ಮತಮ್ಮಲ್ಲೇ ಅಳೆದುಕೊಳ್ಳುವವರಿಗೆ ವಿವೇಕ ಇಲ್ಲ ಎಂದು ಅವನು ಎರಡನೆಯ ಪತ್ರದ 10ನೆಯ ಅಧ್ಯಾಯದಲ್ಲಿ ಬರೆದ. ಅದಾದ ಮೇಲೆ, ನೀವು ಹೊಗಳಿಕೊಳ್ಳುವುದೇ ಆದರೆ ನಾನೂ ಹುಚ್ಚನ ಹಾಗೆ ಹೊಗಳಿಕೊಳ್ಳುತ್ತೇನೆ ಎಂದು ತನ್ನ ಪಟ್ಟಿ ಕೊಟ್ಟ. ಏನು ಪಟ್ಟಿ ಅದು! ಐದು ಸಲ 39 ಏಟು, ಮೂರು ಸಲ ಹಡಗು ಒಡೆದದ್ದು, ಹಸಿವು, ಚಳಿ. ಕೊನೆಗೆ, ದಮಸ್ಕದ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಕೂತು ಇಳಿದು ಓಡಿಹೋದದ್ದು. ಸಾಕ್ಷಿ ಕೂಟದಲ್ಲಿ ಯಾರಾದರೂ ಎದ್ದು ‘ನಾನು ಬುಟ್ಟಿಯಲ್ಲಿ ಕೂತು ಪರಾರಿಯಾದೆ, ಸ್ತೋತ್ರ’ ಅಂದದ್ದು ಕೇಳಿದ್ದೀರಾ? ಅಷ್ಟಕ್ಕೇ ಬಿಡದೆ, ದೇಹದಲ್ಲಿ ನಾಟಿದ ಮುಳ್ಳು ತೆಗಿ ಎಂದು ಮೂರು ಸಲ ಬೇಡಿದೆ, ತೆಗೆಯಲಿಲ್ಲ ಎಂದೂ ಹೇಳಿಕೊಂಡ. ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಮಾತ್ರ. ಕ್ರೈಸ್ತ ಸಭೆಯ ಅತಿ ದೊಡ್ಡ ಸಾಕ್ಷಿಗಳಲ್ಲಿ ಒಂದು, ಬೇಡಿದ್ದು ಸಿಗದ ಪ್ರಾರ್ಥನೆಯ ಬಗ್ಗೆ ಇದೆ. ಅದಕ್ಕೇ ‘ನಾನೂ ಪ್ರಾರ್ಥಿಸಿದೆ, ದಶಮಾಂಶ ಕೊಟ್ಟೆ’ ಎಂಬ ನಿಮ್ಮ ಲೆಕ್ಕವನ್ನು ಬಿಟ್ಟುಬಿಡಿ. ಕೆನಡಾ ಆಕೆಯ ದಶಮಾಂಶಕ್ಕೆ ಬಂದ ಬಡ್ಡಿ ಅಲ್ಲ. ಪ್ರೆಸ್ಸಿನ ಸಾಲ ನಿಮ್ಮ ಅವಿಶ್ವಾಸಕ್ಕೆ ಬಿದ್ದ ದಂಡವೂ ಅಲ್ಲ.

ಪುಟ್ಟ ತೆರೇಸಾ ಎಂದು ನಮ್ಮ ಕಥೋಲಿಕ ಬಂಧುಗಳು ಪ್ರೀತಿಯಿಂದ ಕರೆಯುವ ಫ್ರಾನ್ಸಿನ ಸನ್ಯಾಸಿನಿ ಲಿಸಿಯದ ತೆರೇಸಾಳಿಗೆ ಚಿಕ್ಕಂದಿನಲ್ಲೇ ಈ ಪ್ರಶ್ನೆ ಬಂದಿತ್ತು. ದೇವರು ಸ್ವರ್ಗದಲ್ಲಿ ಎಲ್ಲರಿಗೂ ಒಂದೇ ಅಳತೆಯ ಮಹಿಮೆ ಯಾಕೆ ಕೊಡುವುದಿಲ್ಲ ಎಂದು ಅಕ್ಕನನ್ನು ಕೇಳಿದಳು. ಅಕ್ಕ ಅಪ್ಪನ ದೊಡ್ಡ ಲೋಟವನ್ನೂ ಹೊಲಿಗೆಯ ಬೆರಳಟೋಪಿಯನ್ನೂ ಪಕ್ಕಪಕ್ಕ ಇಟ್ಟು ಎರಡಕ್ಕೂ ಅಂಚಿನವರೆಗೆ ನೀರು ತುಂಬಿಸಿದಳಂತೆ. ಯಾವುದು ಜಾಸ್ತಿ ತುಂಬಿದೆ ಹೇಳು ಎಂದಳು. ತೆರೇಸಾ 1897ರಲ್ಲಿ, 24ನೆಯ ವಯಸ್ಸಿಗೇ ಕ್ಷಯದಿಂದ ತೀರಿಕೊಂಡಳು. ಬದುಕಿದ್ದಾಗ ಆಕೆಯ ಹೆಸರು ಮಠದ ಆಚೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ನನಗೆ ಈ ಕಥೆ ಇಷ್ಟ. ಆದರೆ ಇದನ್ನು ಸಂಬಳದ ವಿಷಯಕ್ಕೆ ಎಳೆಯಬಾರದು.

ಯಾಕೆಂದರೆ ನಿಮ್ಮ ಪತ್ರದಲ್ಲಿ ಎರಡು ಹೋಲಿಕೆಗಳು ಸೇರಿಕೊಂಡಿವೆ. ತಂಗಿಯದು ಒಂದು. ಪಕ್ಕದ ಕ್ಲಾಸಿನ ಟೀಚರ್‌ದು ಇನ್ನೊಂದು. ಅದೇ ಪಾಠ, ಅದೇ ಪೇಪರ್ ತಿದ್ದುವುದು, ಅದೇ ಪರೀಕ್ಷಾ ಡ್ಯೂಟಿ, ಸಂಬಳ ಮಾತ್ರ ಎಲ್ಲಿಂದೆಲ್ಲಿಗೋ. ಇದು ಹೊಟ್ಟೆಕಿಚ್ಚಲ್ಲ, ಇದು ಲೆಕ್ಕ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿರಲಿಲ್ಲ. ಅವರ ಕಡೆಯವರು ಗೊಣಗಿದರು. ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅಂದರೆ ಅಪೊಸ್ತಲರು, ‘ಪಕ್ಕದವರ ತಟ್ಟೆ ನೋಡಬೇಡಿ, ತೃಪ್ತರಾಗಿರಿ’ ಎಂದು ಪ್ರಸಂಗ ಮಾಡಲಿಲ್ಲ. ಏಳು ಜನರನ್ನು ನೇಮಿಸಿ ಹಂಚಿಕೆ ಸರಿಮಾಡಿದರು. ಆರಿಸಿದ ಏಳೂ ಜನರ ಹೆಸರುಗಳು ಗ್ರೀಕ್ ಹೆಸರುಗಳೇ. ಅಂದರೆ ದೂರು ಕೊಟ್ಟವರ ಕಡೆಗೇ ಕೆಲಸ ಒಪ್ಪಿಸಿದರು ಎನ್ನಬಹುದು. ಆದ್ದರಿಂದ ಮ್ಯಾನೇಜ್‌ಮೆಂಟ್ ಸಂಬಳದವರೆಲ್ಲ ಸೇರಿ ಆಡಳಿತ ಮಂಡಳಿಗೆ ಅರ್ಜಿ ಕೊಡಿ. ಅದು ಮಿಷನ್ ಶಾಲೆಯಾಗಿದ್ದರೆ ಇನ್ನೂ ಗಟ್ಟಿಯಾಗಿ ಕೇಳಿ. ತೃಪ್ತಿಯ ವಚನ ತೋರಿಸಿ ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ ತೆರೆದು ಕೊಡಿ. ಆದರೆ ಪಕ್ಕದ ಕ್ಲಾಸಿನವರ ಮೇಲೆ ಮುನಿಸಿಕೊಳ್ಳಬೇಡಿ, ಅವರು ನಿಮ್ಮ ಸಂಬಳ ಕಿತ್ತುಕೊಂಡಿಲ್ಲ.

ಇನ್ನು ದಿನದಿನದ ಮಾತು. ಸ್ಟೇಟಸ್ ಮ್ಯೂಟ್ ಮಾಡಿ. ಇದರಲ್ಲಿ ಯಾವ ದ್ರೋಹವೂ ಇಲ್ಲ, ಆಕೆಗೆ ಗೊತ್ತೂ ಆಗುವುದಿಲ್ಲ. ಆದರೆ ಅದರ ಬದಲಿಗೆ ವಾರಕ್ಕೊಮ್ಮೆ ಫೋನ್ ಮಾಡಿ. ಸ್ಟೇಟಸ್‌ನಲ್ಲಿ ಸಿಗುವುದು ಫೋಟೋ, ಫೋನಿನಲ್ಲಿ ಸಿಗುವುದು ತಂಗಿ. ಒಂದು ಎಚ್ಚರಿಕೆ: ಆಕೆಯ ಕಷ್ಟ ಹುಡುಕಲು ಫೋನ್ ಮಾಡಬೇಡಿ. ‘ಅಲ್ಲಿ ಅವಳಿಗೂ ಏನೂ ಸುಖ ಇಲ್ಲವಂತೆ’ ಎಂದು ಹಗುರಾಗುವುದು ನಮಗೆಲ್ಲ ಬಹಳ ರುಚಿ. ಅದೂ ಕೆಳಗೆ ನೋಡುವ ಚಟವೇ.

ಪ್ರಾರ್ಥನೆಯಲ್ಲಿ ಮೊದಲು ನಿಮ್ಮ ಕೊರತೆಯನ್ನು ಹೆಸರು ಹಿಡಿದು ಹೇಳಿ. ‘ಕರ್ತನೇ, ಎಲ್ಲವೂ ನಿನ್ನ ಚಿತ್ತ’ ಎಂದು ಸುಮ್ನೆ ಮುಗಿಸಬೇಡಿ. ಪ್ರೆಸ್ಸಿನ ಸಾಲ ಎಷ್ಟು, ಬಾಡಿಗೆ ಮನೆಯಲ್ಲಿ ಎಷ್ಟು ವರ್ಷವಾಯಿತು, ಸಾಕ್ಷಿಯ ದಿನ ಎದೆಯಲ್ಲಿ ಏನಾಯಿತು, ಎಲ್ಲ ಹೇಳಿ. ಸತ್ಯವೇದದಲ್ಲಿ ಬರುವ ಸಂತಾನವಿಲ್ಲದ ಹನ್ನಳು ದೇವಾಲಯದಲ್ಲಿ ಅಳುತ್ತಾ, ದನಿ ಹೊರಡಿಸದೆ ತುಟಿ ಮಾತ್ರ ಅಲುಗಿಸಿ ಪ್ರಾರ್ಥಿಸುವುದನ್ನು ಕಂಡ ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ಅವಳನ್ನು ಕೆಣಕುತ್ತಿದ್ದವಳೂ ಮನೆಯೊಳಗಿನವಳೇ, ಸವತಿ ಪೆನಿನ್ನಳು. ಹನ್ನ ಅವಳ ಹತ್ತಿರ ಜಗಳಕ್ಕೆ ಹೋಗಲಿಲ್ಲ, ದೇವರ ಮುಂದೆ ಮನಸ್ಸು ಸುರಿದಳು. ಗಮನಿಸಿ, ಮಗು ಹುಟ್ಟಿದ ಮೇಲೆ ಅವಳ ಮುಖ ಗೆಲುವಾದದ್ದಲ್ಲ. ಪ್ರಾರ್ಥಿಸಿ ಎದ್ದು ಹೋಗಿ ಊಟ ಮಾಡಿದಳು, ಆಗಲೇ ಅವಳ ಮುಖದ ದುಃಖ ಹೋಗಿತ್ತು.

ಅದಾದ ಮೇಲೆ ತಂಗಿಯ ಹೆಸರು ಹಿಡಿದು ಪ್ರಾರ್ಥಿಸಿ, ಆಕೆಗೆ ಇನ್ನೂ ಒಳ್ಳೆಯದಾಗಲಿ ಎಂದು. ಮೊದಮೊದಲು ಬಾಯಿಗಷ್ಟೇ ಬರುತ್ತದೆ, ಮನಸ್ಸು ಹಿಂದೆ ಉಳಿಯುತ್ತದೆ. ಇರಲಿ. ಅದನ್ನು ಕಪಟ ಎಂದು ಯಾರಾದರೂ ಅಂದರೆ ನಂಬಬೇಡಿ. ಮನಸ್ಸು ಬರುವ ತನಕ ಕಾದರೆ ಯಾರೂ ಯಾರಿಗಾಗಿಯೂ ಪ್ರಾರ್ಥಿಸುವುದಿಲ್ಲ. ಸಂತೋಷಪಡುವವರ ಜೊತೆ ಸಂತೋಷಪಡಿ, ಅಳುವವರ ಜೊತೆ ಅಳಿ ಎಂದು ಪೌಲನು ರೋಮ್‌ನ ಸಭೆಗೆ ಬರೆದ. ಎರಡನೆಯದು ನಮಗೆ ಸುಲಭ. ಸಾವಿನ ಮನೆಗೆ ನಾವು ಓಡುತ್ತೇವೆ, ಅಡುಗೆ ಮಾಡಿ ಕಳಿಸುತ್ತೇವೆ. ಮೊದಲನೆಯದೇ ಕಷ್ಟ. ತನಗೆ ತೃಪ್ತಿ ಇದೆ ಎಂದು ಬರೆದಾಗಲೂ ಪೌಲನು ‘ಕಲಿತುಕೊಂಡಿದ್ದೇನೆ’ ಎಂದೇ ಹೇಳಿದ, ಅದೂ ಸೆರೆಯಲ್ಲಿ ಕೂತು. ಹುಟ್ಟಿನಿಂದ ಬಂದದ್ದಲ್ಲ ಅದು, ಅವನಿಗೂ ಕಲಿಯಬೇಕಾಯಿತು.

ನಿದ್ದೆಯ ಬಗ್ಗೆ ಒಂದು ಮಾತು. ಸ್ಟೇಟಸ್ ಬಿಟ್ಟ ಮೇಲೂ ಎರಡು ವಾರ ಹೀಗೇ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಡಾಕ್ಟರ ಹತ್ತಿರ ಹೋಗಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರವೇ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ನಿಮ್ಮ ಮಗನ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ ಅರ್ಧ ದುಃಖ ತಂದೆತಾಯಿಯರ ಹೋಲಿಕೆಯಿಂದ ಹುಟ್ಟಿದ್ದು. ಅವಳಿ ಮಕ್ಕಳಲ್ಲಿ ಅಪ್ಪ ಇಸಾಕನಿಗೆ ಏಸಾವ ಇಷ್ಟ, ಅಮ್ಮ ರೆಬೆಕ್ಕಳಿಗೆ ಯಾಕೋಬ ಇಷ್ಟ. ಮನೆ ಒಡೆಯಿತು, ಯಾಕೋಬ ಊರು ಬಿಟ್ಟು ಓಡಿದ. ಅಷ್ಟು ನೋವು ತಿಂದವನು ತನ್ನ ಮಕ್ಕಳ ವಿಷಯದಲ್ಲಿ ಎಚ್ಚರವಾಗಿರಬೇಕಿತ್ತು. ಅವನು ಯೋಸೇಫನಿಗೊಬ್ಬನಿಗೇ ಚೆಂದದ ನಿಲುವಂಗಿ ಹೊಲಿಸಿದ. ಅಣ್ಣಂದಿರು ತಮ್ಮನನ್ನು ಮಾರಿಬಿಟ್ಟರು, ಆ ಅಂಗಿಯನ್ನೇ ರಕ್ತದಲ್ಲಿ ಅದ್ದಿ ಅಪ್ಪನ ಮುಂದೆ ಇಟ್ಟರು. ಒಂದು ತಲೆಮಾರಿನ ಅಳತೆಗೋಲು ಮುಂದಿನದಕ್ಕೆ ಹೀಗೆ ಹೋಗುತ್ತದೆ. ನಿಮ್ಮ ತಂಗಿಯನ್ನು ನೋಡಿ ನಿಮಗೆ ಆಗುತ್ತಿರುವುದನ್ನೇ, ಆಕೆಯ ಮಗಳನ್ನು ತೋರಿಸಿ ನಿಮ್ಮ ಮಗನಿಗೆ ಮಾಡುತ್ತಿದ್ದೀರಿ.

ಯೇಸು ಹೇಳಿದ ತಲಾಂತುಗಳ ಸಾಮ್ಯಕಥೆ ನಿಮ್ಮ ಮಗನಿಗೂ ಗೊತ್ತಿರುತ್ತದೆ, ಭಾನುವಾರ ಶಾಲೆಯಲ್ಲಿ ಕೇಳಿರುತ್ತಾನೆ. ಯಜಮಾನ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ತಲಾಂತು ಕೊಟ್ಟ. ಆ ಕಾಲದಲ್ಲಿ ಒಂದು ತಲಾಂತು ಅಂದರೇ ಒಬ್ಬ ಕೂಲಿಯಾಳಿನ ಸುಮಾರು 20 ವರ್ಷದ ದುಡಿಮೆ, ಹಾಗಾಗಿ ಯಾರಿಗೂ ಪುಡಿಗಾಸು ಸಿಗಲಿಲ್ಲ. ಐದಕ್ಕೆ ಐದು ಗಳಿಸಿದವನಿಗೂ, ಎರಡಕ್ಕೆ ಎರಡು ಗಳಿಸಿದವನಿಗೂ ಯಜಮಾನ ಹೇಳಿದ ಮೆಚ್ಚುಗೆಯ ಮಾತು ಒಂದೇ. ಎರಡೂ ವಚನಗಳನ್ನು ಅವನ ಜೊತೆ ಕೂತು ಓದಿ ನೋಡಿ. ‘ನೀನೇಕೆ ಐದು ತರಲಿಲ್ಲ, ಅವನನ್ನು ನೋಡಿ ಕಲಿ’ ಎಂಬ ವಾಕ್ಯ ಅಲ್ಲಿಲ್ಲ. ಓದಿದ ಮೇಲೆ ಅವನ ಹತ್ತಿರ ಕ್ಷಮೆ ಕೇಳಿ. ಮಕ್ಕಳ ಹತ್ತಿರ ಕ್ಷಮೆ ಕೇಳುವುದು ನಮ್ಮಲ್ಲಿ ರೂಢಿ ಇಲ್ಲ, ಗೊತ್ತು. ಆದರೂ ಕೇಳಿ. ಅವನಿಗೆ ಯಾವುದು ಬರುತ್ತದೆ, ಪ್ರೆಸ್ಸಿನಲ್ಲಿ ಅಪ್ಪನ ಜೊತೆ ಡಿಸೈನ್ ಮಾಡುವುದೋ, ಮೆಷಿನ್ ಬಿಚ್ಚಿ ಜೋಡಿಸುವುದೋ, ಅದನ್ನು ಕೇಳಿ ತಿಳಿದುಕೊಳ್ಳಿ. ಡಿಪ್ಲೊಮಾ ಇದೆ, ಐಟಿಐ ಇದೆ, ಬಿಕಾಂ ಇದೆ. ಸೆಕೆಂಡ್ ಕ್ಲಾಸ್ ಎಂದರೆ ಬಾಗಿಲು ಮುಚ್ಚಿದ ಹಾಗಲ್ಲ.

ಈಗ ಡಿಸೆಂಬರ್. ಹೋಗಿ. ಹಾಡಿ ಕೂಡ. ತಂಗಿ ದೊಡ್ಡ ಕ್ವಾಯರ್ ಕರೆಸದೆ ನಿಮ್ಮನ್ನು ಕರೆದಿದ್ದಾಳೆ. ಆಕೆಗೆ ನೀವು ಇವತ್ತಿಗೂ ಆ ಭಾನುವಾರ ಶಾಲೆಯ ಬೆಂಚಿನ ಅಕ್ಕನೇ ಇರಬೇಕು. ಅಷ್ಟರಲ್ಲಿ ಮನಸ್ಸು ತಿಳಿಯಾಗದಿದ್ದರೆ ಮೊದಲೇ ಫೋನ್ ಮಾಡಿ, ‘ಈ ಸಲ ಹಾಡೋಕೆ ಆಗಲ್ಲ ಕಣೇ, ಆದರೆ ಬರ್ತೀನಿ’ ಎಂದು ನೇರವಾಗಿ ಹೇಳಿ. ಗಂಟಲು ಕೆಟ್ಟಿದೆ ಎಂದು ನೆಪ ಹೇಳಬೇಡಿ. ಕೇಳಿದರೆ ಕಾರಣವನ್ನೂ ಹೇಳಬಹುದು, ತಂಗಿ ತಾನೇ. ಸಾಲ ಮಾಡಿ ಉಡುಗೊರೆ ಒಯ್ಯಬೇಡಿ. ಯಜಮಾನರನ್ನೂ ಮಗನನ್ನೂ ಕರೆದುಕೊಂಡು ಹೋಗಿ. ಅಲ್ಲಿ ಯಾರಾದರೂ ಹಿರಿಯರು ‘ಏನಪ್ಪಾ, ಪಿಯುಸಿಯಲ್ಲಿ ಎಷ್ಟು ಬಂತು?’ ಎಂದು ಅವನನ್ನು ಕೇಳೇ ಕೇಳುತ್ತಾರೆ. ಆ ಪ್ರಶ್ನೆಗೆ ಅವನು ತಲೆ ತಗ್ಗಿಸುವ ಮೊದಲು ಉತ್ತರ ನೀವು ಕೊಡಿ.